ಬ್ಯಾಡಗಿ ಮೆಣಸಿನಕಾಯಿ ಧಾರಣೆ: ಸರ್ಕಾರಿ ದತ್ತಾಂಶ ಇಳಿಸಿಕೊಂಡು ಲೆಕ್ಕ ಹಾಕುವ ಬಗೆ

ಬ್ಯಾಡಗಿ ಎಪಿಎಂಸಿಯ ಒಂದೇ ಪ್ರಾಂಗಣದಲ್ಲಿ ಡಬ್ಬಿ, ಕಡ್ಡಿ, ಗುಂಟೂರು ಮೂರೂ ತಳಿಯ ಒಣಮೆಣಸಿನಕಾಯಿ ಬಿಕರಿಯಾಗುತ್ತವೆ. ದರ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದಷ್ಟು ದೂರ. ಡಬ್ಬಿ ಮೇಲೆ, ಗುಂಟೂರು ಕೆಳಗೆ. ಹಾಗಾಗಿ ತಳಿ ಹೇಳದೆ "ಮೆಣಸಿನಕಾಯಿ ದರ ಕುಸಿತ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸಂದೇಶದಿಂದ ಕುಂದಗೋಳದ ರೈತನಿಗೆ ಏನೂ ತಿಳಿಯುವುದಿಲ್ಲ. ಮೂಲ ಅಂಕಿಗಳು ಪುಕ್ಕಟೆ ಸಿಗುತ್ತವೆ, ನೀವೇ ನೋಡಬಹುದು.

ಕೇಂದ್ರ ಸರ್ಕಾರದ ಡೇಟಾ.ಗವ್.ಇನ್ ತಾಣದಲ್ಲಿ ದೇಶದ ಮಾರುಕಟ್ಟೆಗಳ ದೈನಂದಿನ ಧಾರಣೆ ಇದೆ. ಆದರೆ ಅಲ್ಲಿನ ಇಂದಿನ ಧಾರಣೆಯ ಪಟ್ಟಿಯಲ್ಲಿ ಸಿಗುವುದು ಆ ದಿನದ್ದು ಮಾತ್ರ, ನಾಳೆ ಅದರ ಜಾಗಕ್ಕೆ ಹೊಸದು ಬರುತ್ತದೆ. ದಿನವೂ ಇಳಿಸಿ ಇಟ್ಟುಕೊಳ್ಳುವವರಿಗಷ್ಟೇ ಅದು ಉಪಯೋಗ. ಎಪಿಐ (ಪ್ರೋಗ್ರಾಂ ಮೂಲಕ ನೇರವಾಗಿ ದತ್ತಾಂಶ ತರಿಸುವ ದಾರಿ) ಮೂಲಕ ತೆಗೆಯುವುದಾದರೆ ಖಾತೆ ತೆರೆದು ನಿಮ್ಮದೇ ಕೀ, ಅಂದರೆ ಗುಪ್ತಸಂಕೇತ, ಪಡೆಯಿರಿ. ತಾಣದಲ್ಲೇ ಕೊಟ್ಟಿರುವ ಸ್ಯಾಂಪಲ್ ಕೀ ಬಳಸಿದರೆ ಒಂದು ಸಲಕ್ಕೆ 10 ಸಾಲು ಮಾತ್ರ ಬರುತ್ತದೆ. ಹಳೆಯ ವರ್ಷಗಳ ಧಾರಣೆ ಬೇಕಿದ್ದರೆ ಕೇಂದ್ರದ ಅಗ್‌ಮಾರ್ಕ್‌ನೆಟ್ ತಾಣಕ್ಕೆ ಹೋಗಿ. ಆವಕದ (ಮಾರುಕಟ್ಟೆಗೆ ಬಂದ ಮಾಲಿನ) ಪ್ರಮಾಣವೂ ಅಲ್ಲಿ ಸಿಗುತ್ತದೆ. ರಾಜ್ಯದ ಕೃಷಿ ಮಾರಾಟ ವಾಹಿನಿ ತಾಣ ತಾಳೆ ನೋಡಲು ಒಳ್ಳೆಯದು.

ಹುಡುಕುವಾಗ ಸರಕಿನ ಪಟ್ಟಿಯಲ್ಲಿ ಒಣಮೆಣಸಿನಕಾಯಿಯನ್ನೇ ಆರಿಸಿ, ಹಸಿಮೆಣಸಿನಕಾಯಿ ಬೇರೆ ಸಾಲಿನಲ್ಲಿರುತ್ತದೆ. ಇಂಗ್ಲಿಷಿನಲ್ಲಿ ಬ್ಯಾಡಗಿಯನ್ನು ಎರಡು ಮೂರು ರೀತಿ ಬರೆಯುತ್ತಾರೆ. ಹುಬ್ಬಳ್ಳಿಯ ಹೆಸರಿನ ಮುಂದೆ ಕಂಸದಲ್ಲಿ ಅಮರಗೋಳ ಇರುತ್ತದೆ. ಮೊದಲು ಹಾವೇರಿ, ಧಾರವಾಡ ಎಂದು ಜಿಲ್ಲೆ ಹಿಡಿದು ಸೋಸಿ, ಆಮೇಲೆ ಮಾರುಕಟ್ಟೆ ಆರಿಸಿದರೆ ಯಾವುದೂ ತಪ್ಪಿಹೋಗುವುದಿಲ್ಲ.

ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ) ಫೈಲು ಬಂತೆಂದು ತಕ್ಷಣ ತೆರೆಯಬೇಡಿ. ಹೆಚ್ಚಿನವರು ಎಡವುವುದು ತಾರೀಖಿನಲ್ಲಿ. ನಮ್ಮ ಫೈಲಿನ 03/12 ಎಂದರೆ ಡಿಸೆಂಬರ್ 3. ಶೀಟ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಅದನ್ನು ಮಾರ್ಚ್ 12 ಎಂದು ಓದುತ್ತದೆ. 13/12 ಅರ್ಥವಾಗದೆ ಬರೀ ಅಕ್ಷರವಾಗಿ ಕೋಶದ ಎಡಕ್ಕೆ ಅಂಟಿಕೊಳ್ಳುತ್ತದೆ. ಕೆಲವು ತಾರೀಖು ಬಲಕ್ಕೆ, ಕೆಲವು ಎಡಕ್ಕೆ ಕಂಡರೆ ಆಗಿರುವುದು ಇದೇ. ಗೂಗಲ್ ಶೀಟ್ಸ್‌ನಲ್ಲಿ ಫೈಲ್, ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ (ದೇಶದ ಆಯ್ಕೆ) ಅನ್ನು ಇಂಡಿಯಾ ಮಾಡಿದ ಮೇಲೆ ಇಂಪೋರ್ಟ್ ಮಾಡಿ. ಲಿಬ್ರೆಆಫೀಸ್‌ನಲ್ಲಿ ಫೈಲು ತೆರೆಯುವಾಗಲೇ ಆ ಕಾಲಂಗೆ ದಿನ-ತಿಂಗಳು-ವರ್ಷ ಎಂದು ಹೇಳಬಹುದು. ಕೆಟ್ಟ ಮೇಲೆ ತಿದ್ದಲು ಕೂರುವುದಕ್ಕಿಂತ ಮತ್ತೊಮ್ಮೆ ಇಂಪೋರ್ಟ್ ಮಾಡುವುದೇ ಲೇಸು.

ನಂತರ ಕನಿಷ್ಠ, ಮಾದರಿ (ಮೋಡಲ್), ಗರಿಷ್ಠ ಈ ಮೂರೂ ದರಗಳು ಏರುಕ್ರಮದಲ್ಲಿವೆಯೇ ನೋಡಿ. ಮಾದರಿ ಅಥವಾ ಗರಿಷ್ಠ ದರ 25,000 ಇರಬೇಕಾದಲ್ಲಿ 2,500 ಬಿದ್ದಿದ್ದರೆ ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತದೆ. ಟೆಂಡರ್ ನಡೆಯದ ದಿನದ ಸಾಲು ಇರುವುದಿಲ್ಲ, ಅಲ್ಲಿ ಸೊನ್ನೆ ತುಂಬಬೇಡಿ. ಗರಿಷ್ಠ ದರ ಒಂದೇ ಒಳ್ಳೆಯ ಲಾಟ್‌ನದ್ದಾಗಿರಬಹುದು, ಪೇಪರಿನ ತಲೆಬರಹಕ್ಕೆ ಸೈ. ಹೆಚ್ಚು ಮಾಲು ಹೋದ ದರವೇ ಮಾದರಿ. ಲೆಕ್ಕಕ್ಕೆ ಅದನ್ನೇ ಹಿಡಿಯಿರಿ.

ಸರಾಸರಿಯನ್ನು ತಳಿವಾರು ತೆಗೆಯಿರಿ. ಎಲ್ಲ ತಳಿ ಸೇರಿಸಿ ಒಂದೇ ಅಂಕಿ ಬೇಕೇ ಬೇಕೆಂದರೆ ಆವಕದಿಂದ ತೂಗಬೇಕು. ಉದಾಹರಣೆಗೆ ಡಬ್ಬಿ 200 ಕ್ವಿಂಟಲ್ 30,000ಕ್ಕೆ, ಗುಂಟೂರು 1,800 ಕ್ವಿಂಟಲ್ 10,000ಕ್ಕೆ ಹೋಗಿದೆ ಎಂದುಕೊಳ್ಳಿ. ಎರಡೂ ದರ ಕೂಡಿಸಿ ಅರ್ಧ ಮಾಡಿದರೆ 20,000 ಬರುತ್ತದೆ. ಆ ದರಕ್ಕೆ ಅಂದು ಯಾರೂ ಮಾರಿಲ್ಲ, ಯಾರೂ ಕೊಂಡಿಲ್ಲ. ಪ್ರತಿ ತಳಿಯ ದರವನ್ನು ಅದರ ಆವಕದಿಂದ ಗುಣಿಸಿ, ಕೂಡಿಸಿ, ಒಟ್ಟು 2,000ದಿಂದ ಭಾಗಿಸಿದರೆ 12,000. ಶೀಟಿನಲ್ಲಿ ಗುಣಿಸಿ ಕೂಡಿಸಲು ಸಮ್‌ಪ್ರಾಡಕ್ಟ್ ಸೂತ್ರ ಸಾಕು. ದರ ಕ್ವಿಂಟಲ್‌ಗೆ ಇದ್ದು ಆವಕ ಟನ್‌ನಲ್ಲಿರಬಹುದು, ಕಾಲಂ ತಲೆ ಓದಿ. 1 ಟನ್ ಅಂದರೆ 10 ಕ್ವಿಂಟಲ್. ಸುದ್ದಿಯಲ್ಲಿ ಬರುವ ಚೀಲದ ಲೆಕ್ಕವನ್ನು ಇದರೊಳಗೆ ಬೆರೆಸಬೇಡಿ.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಅದೇ ತಿಂಗಳಿಗೆ ಅದೇ ತಿಂಗಳು. ಏಕೆಂದರೆ ಸುಗ್ಗಿ ಮುಗಿದ ಮೇಲೆ ಬರುವ ಮಾಲಿನಲ್ಲಿ ಕೋಲ್ಡ್ ಸ್ಟೋರೇಜಿನದೂ ಇರುತ್ತದೆ.

ಗ್ರೂಪಿಗೆ ಹಾಕುವಾಗ ತಾರೀಖು, ಮಾರುಕಟ್ಟೆ, ತಳಿ, ಅಳತೆ ನಾಲ್ಕೂ ಇರಲಿ, ಜೊತೆಗೆ ಮೂಲದ ಹೆಸರು. ಡೇಟಾ.ಗವ್.ಇನ್‌ನ ದತ್ತಾಂಶ ಹಂಚಲು 2017ರ ಸರ್ಕಾರಿ ಮುಕ್ತ ದತ್ತಾಂಶ ಪರವಾನಗಿಯಲ್ಲಿ ಅವಕಾಶವಿದೆ, ಮೂಲ ಹೆಸರಿಸುವುದು ಅದರ ಷರತ್ತು.