ಜಿಗ್ ಭಾಷೆ: 1.0 ಬರುವ ಮೊದಲೇ ಕೈ ಹಾಕುವವರಿಗೆ

ಆಂಡ್ರ್ಯೂ ಕೆಲ್ಲಿ 2015ರಲ್ಲಿ ಶುರು ಮಾಡಿದ ಪ್ರೋಗ್ರಾಮಿಂಗ್ ಭಾಷೆ ಜಿಗ್ (Zig) ಇನ್ನೂ 1.0, ಅಂದರೆ ಸ್ಥಿರ ಬಿಡುಗಡೆ, ಮುಟ್ಟಿಲ್ಲ. ಇಂದು ಕಂಪೈಲ್ ಆದ ಕೋಡ್ ಮುಂದಿನ ಬಿಡುಗಡೆಯಲ್ಲೂ ಆಗುತ್ತದೆಂಬ ಖಾತ್ರಿ ಇಲ್ಲ. ಹಾಗಾಗಿ ಮೊದಲು ವರ್ಷನ್ ಗಟ್ಟಿ ಮಾಡಿಕೊಳ್ಳಿ. ಕೆಳಗಿನ ಕೋಡಿಂಗ್ ವಿವರಗಳು 0.15ಕ್ಕೆ ಸೇರಿದವು.

ಕಂಪೈಲರಿನ ಟಾರ್‌ಬಾಲ್ (ಫೈಲುಗಳನ್ನು ಒತ್ತಿ ಕಟ್ಟಿದ ಗಂಟು) ಇಳಿಸಿ, ವರ್ಷನ್ ಹೆಸರಿನ ಫೋಲ್ಡರಿನಲ್ಲಿ ಬಿಚ್ಚಿ, ಆ ಫೋಲ್ಡರನ್ನು ಪಾತ್‌ಗೆ (ಸಿಸ್ಟಂ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಸೇರಿಸಿದರೆ ಮುಗಿಯಿತು. ಬೈನರಿಯೊಂದನ್ನೇ ಎತ್ತಿ ಬೇರೆಡೆ ಇಡಬೇಡಿ. ಸ್ಟ್ಯಾಂಡರ್ಡ್ ಲೈಬ್ರರಿಯ ಸೋರ್ಸ್ ಪಕ್ಕದ 'ಲಿಬ್' ಫೋಲ್ಡರಿನಲ್ಲಿದೆ. ಅದು ಸಿಗದಿದ್ದರೆ ಕಂಪೈಲರ್ ನಡೆಯದು. ಪ್ಯಾಕೇಜ್ ಫೈಲಿನಲ್ಲಿ ಕನಿಷ್ಠ ವರ್ಷನ್ ಬರೆಯಬಹುದು, ಆದರೆ ಅದು ಬರೀ ಸೂಚನೆ. ತಂಡದಲ್ಲಿ ಕೆಲಸ ಮಾಡುವವರು ಸಿಐ (ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ವ್ಯವಸ್ಥೆ) ಸ್ಕ್ರಿಪ್ಟಿನಲ್ಲೂ 0.15.1 ಎಂದು ಪೂರ್ತಿ ಸಂಖ್ಯೆ ನಮೂದಿಸಲಿ.

ಹಳೆಯ ಪಾಠಗಳನ್ನು ನೋಡಿ ಬರೆದವರು ಹೆಚ್ಚಾಗಿ ಎಡವುವುದು ಔಟ್‌ಪುಟ್ ವಿಷಯದಲ್ಲಿ. 0.15ರಲ್ಲಿ ಡೇಟಾ ಓದುವ ರೀಡರ್, ಬರೆಯುವ ರೈಟರ್ ಎರಡೂ ಹೊಸದಾಗಿ ಕಟ್ಟಲ್ಪಟ್ಟವು. ಈಗ ಬಫರ್ (ಬರೆದದ್ದು ತಾತ್ಕಾಲಿಕವಾಗಿ ಕೂಡುವ ಜಾಗ) ನೀವೇ ಕೊಡಬೇಕು: 1024 ಬೈಟಿನ ಅರೇ ಮಾಡಿ, ಸ್ಟ್ಯಾಂಡರ್ಡ್ ಔಟ್‌ಪುಟ್‌ನ ರೈಟರ್‌ಗೆ ಕೊಟ್ಟು, ಪ್ರಿಂಟ್ ಮಾಡಿ, ಕೊನೆಗೆ ಬಫರಿನಲ್ಲಿದ್ದುದನ್ನು ಹೊರಗೆ ಕಳಿಸುವ ಫ್ಲಶ್ ಕರೆಯಿರಿ. ಫ್ಲಶ್ ಮರೆತರೆ ಯಾವ ಎರರೂ ಬರುವುದಿಲ್ಲ, ಪರದೆ ಮಾತ್ರ ಖಾಲಿ. ಔಟ್‌ಪುಟ್ ಉದ್ದವಿದ್ದರೆ ಮೊದಲ ಭಾಗ ಕಾಣಿಸಿ ಬಾಲ ಮಾಯವಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದು: ರೈಟರಿನ 'ಇಂಟರ್‌ಫೇಸ್' ಫೀಲ್ಡನ್ನು ಪಾಯಿಂಟರ್ (ಮೆಮೊರಿಯ ವಿಳಾಸ) ಆಗಿ ತೆಗೆದುಕೊಳ್ಳದೆ ಕಾಪಿ ಮಾಡುವುದು. ಒಳಗಿನ ಫಂಕ್ಷನ್‌ಗಳು ಆ ಫೀಲ್ಡಿನ ವಿಳಾಸದಿಂದ ಹಿಂದಕ್ಕೆ ಲೆಕ್ಕ ಹಾಕಿ ಇಡೀ ರೈಟರನ್ನು ಹುಡುಕುತ್ತವೆ. ಕಾಪಿಯ ಹಿಂದೆ ಇರುವುದು ಸಂಬಂಧವಿಲ್ಲದ ಮೆಮೊರಿ. ಕಂಪೈಲರ್ ಇದನ್ನು ತುಟಿಪಿಟಕ್ಕೆನ್ನದೆ ಬಿಡುತ್ತದೆ.

ಬೆಳೆಯಬಲ್ಲ ಪಟ್ಟಿಯಾದ ಅರೇಲಿಸ್ಟ್ ಕೂಡ ಬದಲಾಗಿದೆ: ಮೆಮೊರಿ ಒದಗಿಸುವ ಅಲೊಕೇಟರನ್ನು ಈಗ ಅದು ನೆನಪಿಟ್ಟುಕೊಳ್ಳುವುದಿಲ್ಲ, ಪ್ರತಿ ಅಪೆಂಡ್‌ಗೂ (ಸೇರಿಸುವಾಗ), ಡೀಇನಿಟ್‌ಗೂ (ಮೆಮೊರಿ ಬಿಡುವಾಗ) ಕೊಡಬೇಕು. ಇಲ್ಲಿ ಮರೆತರೆ ಕಂಪೈಲರ್ ಎರರ್ ಕೊಡುತ್ತದೆ, ಪುಣ್ಯಕ್ಕೆ.

ಭಾಷೆಯನ್ನು ರೂಪಿಸುವ ಆಸೆ ಇರುವವರು ಹೊಸ ಸಿಂಟ್ಯಾಕ್ಸ್ ಪ್ರಸ್ತಾಪ ಹೊತ್ತು ಹೋಗಬೇಡಿ. ಭಾಷೆ ಬದಲಿಸುವ ಪ್ರಸ್ತಾಪಗಳನ್ನು ಇಶ್ಯೂಗಳಾಗಿ ಸ್ವೀಕರಿಸುವುದನ್ನು ಯೋಜನೆಯವರು ನಿಲ್ಲಿಸಿದ್ದಾರೆ. ಬಾಗಿಲು ತೆರೆದಿರುವುದು ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ. ಅದಕ್ಕೆ ಎಲ್‌ಎಲ್‌ವಿಎಂ (ಮೆಷಿನ್ ಕೋಡ್ ಉತ್ಪಾದಿಸುವ ದೊಡ್ಡ ಲೈಬ್ರರಿ) ಸಮೇತ ಕಂಪೈಲರ್ ಕಟ್ಟುವ ಗೋಜೇ ಇಲ್ಲ. 2025ರ ನವೆಂಬರಿನಲ್ಲಿ ಗಿಟ್‌ಹಬ್‌ನಿಂದ ಕೋಡ್‌ಬರ್ಗ್ ಎಂಬ ಇನ್ನೊಂದು ಕೋಡ್ ತಾಣಕ್ಕೆ ಹೋದ ರೆಪೊಸಿಟರಿಯನ್ನು ಕ್ಲೋನ್ (ನಕಲು) ಮಾಡಿ, ಲೈಬ್ರರಿಯ ಮುಖ್ಯ ಫೈಲಿನ ಮೇಲೆ 'ಜಿಗ್ ಟೆಸ್ಟ್' ಓಡಿಸುವಾಗ ಲಿಬ್ ಡೈರೆಕ್ಟರಿಯ ಆಯ್ಕೆಗೆ ಕ್ಲೋನಿನ 'ಲಿಬ್' ಕೊಡಿ. ಟೆಸ್ಟ್ ಫಿಲ್ಟರ್‌ಗೆ ಜೇಸನ್ ಎಂದು ಕೊಟ್ಟರೆ ಆ ಹೆಸರಿನ ಟೆಸ್ಟ್‌ಗಳಷ್ಟೇ ಓಡುತ್ತವೆ. ಬಿಡುಗಡೆಯಾದ ಕಂಪೈಲರಿಗೆ ಮಾಸ್ಟರಿನ (ಇನ್ನೂ ಬಿಡುಗಡೆಯಾಗದ ಮುಖ್ಯ ಶಾಖೆಯ) ಲೈಬ್ರರಿ ಹೊಂದದೇ ಹೋಗಬಹುದು. ಹಾಗಾದರೆ ಅದಕ್ಕೆ ಹತ್ತಿರದ ಡೆವ್ ಬಿಲ್ಡ್ (ಬಿಡುಗಡೆಗೆ ಮುಂಚಿನ ಕಂಪೈಲರ್) ಇಳಿಸಿಕೊಳ್ಳಿ.

ಬಗ್ ವರದಿಯಲ್ಲಿ ಪೂರ್ತಿ ವರ್ಷನ್, ಓಡಿಸಿದ ಕಮಾಂಡ್, ಬರಬೇಕಿದ್ದದ್ದು, ಬಂದದ್ದು ಇರಲಿ. ನಿಮ್ಮ ಪ್ರಾಜೆಕ್ಟ್ ಲಗತ್ತಿಸುವ ಬದಲು, ತೊಂದರೆ ಉಳಿಯುವವರೆಗೆ ಕೋಡ್ ಕಡಿಯುತ್ತಾ ಬನ್ನಿ. ಹತ್ತಿಪ್ಪತ್ತು ಸಾಲಿಗೆ ಇಳಿದರೆ ಅದನ್ನೇ ಪ್ಯಾಚ್ (ನಿಮ್ಮ ತಿದ್ದುಪಡಿ) ಜೊತೆ ಟೆಸ್ಟ್ ಆಗಿ ಸೇರಿಸಬಹುದು. ವರದಿ, ಪ್ಯಾಚ್, ಕಾಮೆಂಟ್ ಯಾವುದಕ್ಕೂ ಎಐ ಬಳಸುವಂತಿಲ್ಲ. ಕಳಿಸುವ ಮುನ್ನ ಕೋಡಿನ ವಿನ್ಯಾಸ ಸರಿಪಡಿಸುವ 'zig fmt' ಓಡಿಸಿ.