ವಿಲ್ಮ್ಸ್ ಗೆಡ್ಡೆ: ಒಡೆಯದಂತೆ ಹೊರತೆಗೆಯುವ ಕೆಲಸ

ಸ್ನಾನ ಮಾಡಿಸುವಾಗ ಮಗುವಿನ ಹೊಟ್ಟೆಯ ಒಂದು ಪಕ್ಕ ಗಟ್ಟಿಯಾಗಿ ಕೈಗೆ ಸಿಕ್ಕಿತು ಎಂದು ತಾಯಂದಿರು ಹೇಳುತ್ತಾರೆ. ಮಗು ಆಡಿಕೊಂಡಿರುತ್ತದೆ, ನೋವೂ ಸಾಮಾನ್ಯವಾಗಿ ಇರುವುದಿಲ್ಲ. ಐದು ವರ್ಷದೊಳಗಿನ ಮಕ್ಕಳ ಕಿಡ್ನಿಯಲ್ಲಿ ಬೆಳೆಯುವ ಕ್ಯಾನ್ಸರ್ ಬಹುಪಾಲು ವಿಲ್ಮ್ಸ್ ಗೆಡ್ಡೆಯೇ. 1899ರಲ್ಲಿ ಇದನ್ನು ವಿವರಿಸಿದ ಜರ್ಮನ್ ಸರ್ಜನ್ ಮ್ಯಾಕ್ಸ್ ವಿಲ್ಮ್ಸ್ ಹೆಸರು ಅದಕ್ಕೆ ಉಳಿದುಕೊಂಡಿದೆ. ಚಿಕಿತ್ಸೆ ಸರಿಯಾಗಿ, ಪೂರ್ತಿಯಾಗಿ ಸಿಕ್ಕಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮಕ್ಕಳ ಕ್ಯಾನ್ಸರ್‌ಗಾಗಿ ಶುರು ಮಾಡಿದ ಕಾರ್ಯಕ್ರಮದಲ್ಲಿ ಆರಿಸಿಕೊಂಡ ಆರು ಕಾಯಿಲೆಗಳಲ್ಲಿ ಇದೂ ಒಂದು.

ಈ ಕಾಯಿಲೆಯಲ್ಲಿ ನಾವು ಇಡುವ ಒಂದೊಂದು ಹೆಜ್ಜೆಯ ಹಿಂದೆಯೂ ಇರುವ ಕಾಳಜಿ ಒಂದೇ, ಗೆಡ್ಡೆ ಒಡೆಯಬಾರದು. ಒಡೆದು ಹೊಟ್ಟೆಯೊಳಗೆ ಚೆಲ್ಲಿದರೆ ಕಾಯಿಲೆ ಅಲ್ಲಿಗೇ ಮೂರನೇ ಹಂತಕ್ಕೆ ಹೋಯಿತು. ಔಷಧ ಹೆಚ್ಚುತ್ತದೆ, ಹೊಟ್ಟೆಗೆ ವಿಕಿರಣ ಕೊಡಬೇಕಾಗುತ್ತದೆ. ಎರಡು ವರ್ಷದ ಮಗುವಿನ ಹೊಟ್ಟೆಗೆ ವಿಕಿರಣ ಎಂದರೆ ಬೆನ್ನುಮೂಳೆಯ ಬೆಳವಣಿಗೆಗೆ, ಹೆಣ್ಣು ಮಗುವಾದರೆ ಅಂಡಾಶಯಕ್ಕೂ ಪೆಟ್ಟು.

ಆದ್ದರಿಂದ ಎಚ್ಚರಿಕೆ ಶುರುವಾಗುವುದು ಥಿಯೇಟರಿನಲ್ಲಲ್ಲ, ವಾರ್ಡಿನಲ್ಲಿ. ಹಾಸಿಗೆಯ ತಲೆಯ ಕಡೆ ‘ಹೊಟ್ಟೆ ಒತ್ತಬೇಡಿ’ ಎಂದು ದೊಡ್ಡದಾಗಿ ಬರೆದು ತೂಗುಹಾಕುತ್ತೇವೆ. ಅನುಭವವಿರುವ ಒಬ್ಬರು ಒಮ್ಮೆ ಮೃದುವಾಗಿ ನೋಡಿದರೆ ಸಾಕು, ಉಳಿದದ್ದನ್ನು ಸ್ಕ್ಯಾನ್ ಹೇಳುತ್ತದೆ. ಅಲ್ಟ್ರಾಸೌಂಡಿನ ಜೊತೆ ರಕ್ತದ ಹರಿವು ತೋರಿಸುವ ಡಾಪ್ಲರ್ ಕಡ್ಡಾಯ, ಏಕೆಂದರೆ ಗೆಡ್ಡೆ ಕಿಡ್ನಿಯ ಅಭಿಧಮನಿಯೊಳಗೆ ನಾಲಿಗೆಯಂತೆ ಚಾಚಿಕೊಂಡು ಮಹಾಭಿಧಮನಿಯವರೆಗೂ ಹೋಗಿರಬಹುದು. ಆಮೇಲೆ ಹೊಟ್ಟೆ ಮತ್ತು ಎದೆಯ ಸಿ.ಟಿ. ಇದು ಮೊದಲು ಹರಡುವುದು ಶ್ವಾಸಕೋಶಕ್ಕೆ. ಬಿ.ಪಿ.ಯನ್ನು ಮಕ್ಕಳ ಅಳತೆಯ ತೋಳುಪಟ್ಟಿಯಲ್ಲೇ ನೋಡಬೇಕು, ಸುಮಾರು ಕಾಲು ಭಾಗ ಮಕ್ಕಳಲ್ಲಿ ಏರಿರುತ್ತದೆ.

ತೂಕದ ವಿಷಯದಲ್ಲಿ ಮೋಸಹೋಗುವುದು ಸುಲಭ. ತಕ್ಕಡಿ 12 ಕಿಲೋ ತೋರಿಸಿದಾಗ ಅದರಲ್ಲಿ ಒಂದು ಕಿಲೋ ಗೆಡ್ಡೆಯದೇ ಇರಬಹುದು, ಸೊರಗಿದ ಮಗುವೂ ಸರಿಯಾಗಿದೆ ಅನ್ನಿಸಿಬಿಡುತ್ತದೆ. ಹಾಗಾಗಿ ತೋಳಿನ ಸುತ್ತಳತೆಯನ್ನು ನಂಬುತ್ತೇವೆ. ಅಂಗನವಾಡಿಯಲ್ಲಿ ಬಳಸುವ ಬಣ್ಣದ ಟೇಪೇ ಸಾಕು. ಐದು ವರ್ಷದೊಳಗಿನ ಮಗುವಿನಲ್ಲಿ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ. ಕಿಮೋದ ಜೊತೆಜೊತೆಗೇ ಆಹಾರದ ಚಿಕಿತ್ಸೆ ಅದೇ ದಿನ ಶುರುವಾಗಬೇಕು, ಬೇಕಾದರೆ ಮೂಗಿನ ನಳಿಕೆಯಲ್ಲಾದರೂ. ಅಪೌಷ್ಟಿಕ ಮಗುವಿಗೆ ಕಿಮೋದ ವಿಷ ಹೆಚ್ಚು ತಾಗುತ್ತದೆ.

ಮೊದಲು ಆಪರೇಷನ್ನೋ ಕಿಮೋನೋ ಎಂಬುದರಲ್ಲಿ ಜಗತ್ತಿನಲ್ಲಿ ಎರಡು ಪಂಥ. ಅಮೆರಿಕದವರು ಸಾಧ್ಯವಾದಲ್ಲೆಲ್ಲ ಮೊದಲೇ ಗೆಡ್ಡೆ ತೆಗೆಯುತ್ತಾರೆ. ಯುರೋಪಿನ ಸಿಯೋಪ್ ಎಂಬ ಮಕ್ಕಳ ಕ್ಯಾನ್ಸರ್ ತಜ್ಞರ ಗುಂಪು ಮೊದಲು ಕಿಮೋ ಕೊಡುತ್ತದೆ. ಎರಡರಲ್ಲೂ ಬದುಕುವವರ ಪ್ರಮಾಣ ಹೆಚ್ಚುಕಡಿಮೆ ಒಂದೇ. ತಡವಾಗಿ, ಹೊಟ್ಟೆ ತುಂಬುವಷ್ಟು ದೊಡ್ಡ ಗೆಡ್ಡೆಯೊಂದಿಗೆ ಮಕ್ಕಳು ಬರುವ ನಮ್ಮಂಥ ಕಡೆ ಕಿಮೋ ಮೊದಲು ಕೊಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಗೆಡ್ಡೆ ಕುಗ್ಗುತ್ತದೆ, ಸುತ್ತ ಗಟ್ಟಿ ಹೊದಿಕೆ ಕಟ್ಟಿಕೊಳ್ಳುತ್ತದೆ, ಒಡೆಯುವ ಸಂಭವ ಇಳಿಯುತ್ತದೆ. ಆರು ತಿಂಗಳೊಳಗಿನ ಕೂಸುಗಳಿಗೆ ಮಾತ್ರ ಇದು ಹೊಂದದು. ಅಲ್ಲಿ ಬೇರೆ ಬಗೆಯ ಗೆಡ್ಡೆಗಳೂ ಇರುವುದರಿಂದ ಮೊದಲೇ ಆಪರೇಷನ್.

ಹರಡದ ಕಾಯಿಲೆಗೆ ಆಪರೇಷನ್ನಿಗೆ ಮೊದಲು ಕಿಮೋ ನಾಲ್ಕು ವಾರ. ವಿನ್‌ಕ್ರಿಸ್ಟಿನ್ ವಾರಕ್ಕೊಮ್ಮೆ, ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 1.5 ಮಿ.ಗ್ರಾಂ, ಒಮ್ಮೆಗೆ 2 ಮಿ.ಗ್ರಾಂ ಮೀರುವಂತಿಲ್ಲ. ಆಕ್ಟಿನೋಮೈಸಿನ್-ಡಿ ಒಂದನೇ ಮತ್ತು ಮೂರನೇ ವಾರ, ಕಿಲೋಗೆ 45 ಮೈಕ್ರೋಗ್ರಾಂ. ನಾಲ್ಕರ ಬದಲು ಎಂಟು ವಾರ ಕೊಟ್ಟರೆ ಲಾಭವಿದೆಯೇ ಎಂದು ಸಿಯೋಪ್-9 ಪ್ರಯೋಗದಲ್ಲಿ ನೋಡಿದ್ದಾಗಿದೆ, ಲಾಭ ಕಾಣಲಿಲ್ಲ. ಶ್ವಾಸಕೋಶಕ್ಕೆ ಹರಡಿದ್ದರೆ ಆರು ವಾರ, ಜೊತೆಗೆ ಡಾಕ್ಸೊರುಬಿಸಿನ್.

ತಪ್ಪು ನಡೆಯುವ ಜಾಗವೊಂದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. 14 ಕಿಲೋ ಮಗುವಿಗೆ ಆಕ್ಟಿನೋಮೈಸಿನ್ 14 × 45, ಅಂದರೆ 630 ಮೈಕ್ರೋಗ್ರಾಂ. ವಯಲ್ ಬರುವುದು 500 ಮೈಕ್ರೋಗ್ರಾಮಿನದು. ಎರಡನೇ ವಯಲಿನಿಂದ ಬೇಕಾದದ್ದು 130 ಮಾತ್ರ, ಉಳಿದದ್ದು ಹಾಳಾಗುತ್ತದಲ್ಲ ಎಂದು ಪೂರ್ತಿ ಹಾಕಿದರೆ ಮಗುವಿನ ಯಕೃತ್ತು ಕೆಡುತ್ತದೆ. 12 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಲೆಕ್ಕ ಬಂದದ್ದರ ಮೂರರಲ್ಲಿ ಎರಡು ಭಾಗವೇ ಕೊಡಬೇಕು. ಕಿಮೋ ನಡುವೆ ಯಕೃತ್ತು ಊದಿ, ಹೊಟ್ಟೆಯಲ್ಲಿ ನೀರು ತುಂಬಿ, ತೂಕ ಏರಿ, ಪ್ಲೇಟ್ಲೆಟ್ ಕುಸಿದರೆ ಈ ಔಷಧದ ಮೇಲೆಯೇ ಮೊದಲ ಅನುಮಾನ ಬರಲಿ. ವಿನ್‌ಕ್ರಿಸ್ಟಿನ್ ಸೂಜಿಯಿಂದ ಆಚೆ ಸೋರಿದರೆ ಮಾಂಸ ಕೊಳೆಯುತ್ತದೆ. ವಿನ್‌ಕ್ರಿಸ್ಟಿನ್ ಕೊಡುತ್ತಿರುವಾಗ ಇಟ್ರಾಕೊನಜೋಲ್‌ನಂಥ ಫಂಗಸ್ ಮಾತ್ರೆ ಕೊಟ್ಟರೆ ನರಗಳ ತೊಂದರೆ ಹೆಚ್ಚುತ್ತದೆ, ಮಗು ಪಾದ ಎತ್ತಲಾರದೆ ಎಳೆಯತೊಡಗುತ್ತದೆ.

ಇನ್ನು ಆಪರೇಷನ್. ಸೂಜಿಗಳೆಲ್ಲ ಕೈಗೆ ಅಥವಾ ಕುತ್ತಿಗೆಗೆ, ಕಾಲಿಗೆ ಬೇಡ. ಮಹಾಭಿಧಮನಿಯನ್ನು ಹಿಡಿಯಬೇಕಾಗಿ ಬಂದರೆ ಕಾಲಿನಿಂದ ಕೊಟ್ಟ ರಕ್ತ ಹೃದಯ ಮುಟ್ಟುವುದಿಲ್ಲ. ಹೊಕ್ಕುಳಿನ ಮೇಲೆ ಅಡ್ಡಲಾಗಿ ಉದ್ದನೆಯ ಗಾಯ ಮಾಡುತ್ತೇವೆ. ಗಾಯ ಚಿಕ್ಕದಾದರೆ ಗೆಡ್ಡೆಯನ್ನು ಹಿಂಡಿ ಎಳೆಯಬೇಕಾಗುತ್ತದೆ, ಒಡೆಯುವುದು ಆಗಲೇ. ಬಿಡಿಸುವಾಗ ಬೆರಳ ತುದಿಯಲ್ಲಿ ಗಿಲ್ಲುವುದಲ್ಲ, ಅಂಗೈ ಚಪ್ಪಟೆಯಾಗಿ ಆನಿಸಿಕೊಳ್ಳಬೇಕು.

ಸಾಧ್ಯವಾದರೆ ಅಪಧಮನಿಯನ್ನು ಮೊದಲು ಕಟ್ಟುತ್ತೇವೆ. ಅಭಿಧಮನಿ ಮೊದಲು ಕಟ್ಟಿದರೆ ಒಳಬಂದ ರಕ್ತಕ್ಕೆ ದಾರಿಯಿಲ್ಲದೆ ಗೆಡ್ಡೆ ಉಬ್ಬಿ ಬಿರಿಯುತ್ತದೆ. ಆದರೆ ಅಪಧಮನಿ ಕಾಣದಿದ್ದಾಗ ಅದಕ್ಕಾಗಿ ಹಠ ಹಿಡಿದು ಆಳದಲ್ಲಿ ತಡಕಾಡುವುದು ಇನ್ನೂ ಅಪಾಯ. ದೊಡ್ಡ ಗೆಡ್ಡೆ ನಡುವಿನ ರಕ್ತನಾಳಗಳನ್ನು ಆಚೆ ತಳ್ಳಿರುತ್ತದೆ, ಕರುಳಿಗೆ ಹೋಗುವ ಮುಖ್ಯ ನಾಳವನ್ನೋ ಒಳ್ಳೆಯ ಕಿಡ್ನಿಯ ನಾಳವನ್ನೋ ತಪ್ಪಾಗಿ ಕಟ್ಟಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕಟ್ಟುವ ಮುನ್ನ ಆ ನಾಳ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಎರಡೂ ತುದಿ ನೋಡಲೇಬೇಕು. ಅಭಿಧಮನಿಯನ್ನು ಕಟ್ಟುವ ಮುಂಚೆ ಎರಡು ಬೆರಳ ನಡುವೆ ಹಗುರವಾಗಿ ಹಿಡಿದು ನೋಡುತ್ತೇವೆ. ಖಾಲಿ ನಾಳ ಒದ್ದೆ ಬಟ್ಟೆಯಂತೆ ಮೆತ್ತಗಿರುತ್ತದೆ. ಒಳಗೆ ಗೆಡ್ಡೆಯ ತುಂಡಿದ್ದರೆ ಗಟ್ಟಿಯಾಗಿ ಜಾರುತ್ತದೆ. ಅದರ ಮೇಲೆಯೇ ದಾರ ಬಿಗಿದರೆ ತುಂಡು ಕತ್ತರಿಸಿ ಶ್ವಾಸಕೋಶಕ್ಕೆ ಹೋದೀತು. ಮೂತ್ರನಾಳವನ್ನು ಮೂತ್ರಕೋಶದ ಹತ್ತಿರದವರೆಗೂ ಬಿಡಿಸಿ ಕೆಳಗೆ ಕಟ್ಟುತ್ತೇವೆ.

ಲಿಂಫ್ ಗ್ರಂಥಿಗಳನ್ನು ಬಿಟ್ಟುಬಿಡುವುದು ಈ ಆಪರೇಷನ್ನಿನಲ್ಲಿ ಪದೇ ಪದೇ ಆಗುವ ತಪ್ಪು. ಗೆಡ್ಡೆ ಹೊರಬಂದ ಸಮಾಧಾನದಲ್ಲಿ ಹೊಟ್ಟೆ ಮುಚ್ಚಿಬಿಡುತ್ತಾರೆ. ಕಣ್ಣಿಗೆ ಚೆನ್ನಾಗಿ ಕಂಡರೂ ಕಿಡ್ನಿಯ ಬುಡದಿಂದ, ಮಹಾಪಧಮನಿಯ ಪಕ್ಕದಿಂದ ಕನಿಷ್ಠ ಏಳನ್ನು ತೆಗೆದು, ಜಾಗ ಬರೆದ ಬೇರೆ ಬೇರೆ ಬಾಟಲಿಗಳಲ್ಲಿ ಕಳಿಸಬೇಕು. ಗ್ರಂಥಿಯಿಲ್ಲದ ವರದಿಯಲ್ಲಿ ‘ಒಂದನೇ ಹಂತ’ ಎಂದಿದ್ದರೆ ಆ ಮಾತಿಗೆ ಆಧಾರವಿಲ್ಲ.

ತೆಗೆದ ಗೆಡ್ಡೆಯನ್ನು ಥಿಯೇಟರಿನಲ್ಲಿ ಕುಯ್ದು ನೋಡುವ ಆಸೆ ಬೇಡ. ಕುಯ್ದ ಕೂಡಲೇ ಹೊದಿಕೆ ಹಿಂದಕ್ಕೆ ಸರಿದು ಅಂಚು ಎಲ್ಲಿತ್ತೆಂದು ಹೇಳಲಾಗದಂತಾಗುತ್ತದೆ. ಇಡಿಯಾಗಿ, ಬೇಗನೆ ಪೆಥಾಲಜಿಗೆ ಹೋಗಬೇಕು. ಅವರು ತೂಗಿ, ಮೇಲ್ಮೈಗೆ ಇಂಕು ಹಚ್ಚಿ, ಆಮೇಲೆ ಸೀಳುತ್ತಾರೆ. ರಾತ್ರಿಯಿಡೀ ಫಾರ್ಮಲಿನ್‌ನಲ್ಲಿ ಇಡಿಯಾಗಿ ಬಿಟ್ಟರೆ ದ್ರವ ನಡುವಿಗೆ ಇಳಿಯುವಷ್ಟರಲ್ಲಿ ಒಳಗೆ ಕೊಳೆತಿರುತ್ತದೆ. ಕಿಮೋ ಮೀರಿ ಯಾವ ಜೀವಕೋಶಗಳು ಉಳಿದಿವೆ ಎಂಬುದರ ಮೇಲೆ ಮುಂದಿನ ಚಿಕಿತ್ಸೆ ನಿಂತಿದೆ. ಬ್ಲಾಸ್ಟಿಮಾ, ಅಂದರೆ ಇನ್ನೂ ಬಲಿಯದ ಎಳೆಯ ಜೀವಕೋಶಗಳು, ಹೆಚ್ಚು ಉಳಿದಿದ್ದರೆ ಅಪಾಯದ ಗುಂಪು. ಒಂದನೇ ವರ್ಣತಂತುವಿನ ಉದ್ದ ತೋಳಿನ ಹೆಚ್ಚುವರಿ ಪ್ರತಿ ಇದ್ದರೂ ಕಾಯಿಲೆ ಮರಳುವ ಸಂಭವ ಜಾಸ್ತಿ ಎಂದು ಈಚಿನ ಸಂಶೋಧನೆ ತೋರಿಸಿದೆ, ಅದಕ್ಕಾಗಿ ಒಂದು ತುಣುಕನ್ನು ಶೀತಲೀಕರಿಸಿ ಇಡುತ್ತೇವೆ. ಮಧ್ಯಮ ಅಪಾಯದ ಎರಡು, ಮೂರನೇ ಹಂತದ ಮಕ್ಕಳಿಗೆ ಹೃದಯಕ್ಕೆ ಕೇಡಾಗುವ ಡಾಕ್ಸೊರುಬಿಸಿನ್ ಬಿಡಬಹುದು ಎಂದು 2015ರಲ್ಲಿ ಪ್ರಕಟವಾದ ಸಿಯೋಪ್ ಪ್ರಯೋಗ ಹೇಳಿತು. ನನ್ನ ಮಟ್ಟಿಗೆ ಇದು ಹೊಸ ಔಷಧವೊಂದು ಸಿಕ್ಕಷ್ಟೇ ದೊಡ್ಡ ಸುದ್ದಿ.

ಆಪರೇಷನ್ನಾದ ವಾರದೊಳಗೆ ಹಸಿರು ವಾಂತಿ ಶುರುವಾದರೆ ವಿನ್‌ಕ್ರಿಸ್ಟಿನ್‌ನ ಮಲಬದ್ಧತೆ ಎಂದು ಸುಮ್ಮನಿರಬಾರದು. ಸಣ್ಣ ಕರುಳು ಕರುಳಿನೊಳಗೇ ನುಗ್ಗಿರಬಹುದು, ಅದಕ್ಕೆ ಎನಿಮಾ ಪ್ರಯೋಜನವಿಲ್ಲ, ಮತ್ತೆ ಹೊಟ್ಟೆ ತೆರೆಯಬೇಕಾಗುತ್ತದೆ. ಎಲ್ಲ ಸರಿಯಿದ್ದರೆ 21 ದಿನದೊಳಗೆ ಕಿಮೋ ಮತ್ತೆ ಶುರು.

ಮನೆಗೆ ಕಳಿಸುವಾಗ ಫೈಲಿನ ಮೇಲ್ಗಡೆ ಕೆಂಪು ಇಂಕಿನಲ್ಲಿ ‘ಒಂದೇ ಕಿಡ್ನಿ’ ಎಂದು ಬರೆಯುತ್ತೇವೆ. ಜ್ವರ ಬಂದರೆ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೆನ್ ಬೇಡ. ಭೇದಿಯಾದರೆ ತಡಮಾಡದೆ ಓ.ಆರ್.ಎಸ್. ಪ್ರತಿ ವರ್ಷ ಬಿ.ಪಿ. ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ, ಮಗು ದೊಡ್ಡದಾಗಿ ಮದುವೆಯಾದ ಮೇಲೂ.