ಟೆಂಟ್ ಎಲ್ಲಿ ಹಾಕೋಣ?

ಫೋಟೊದಲ್ಲಿ ಗುಡ್ಡ, ಮಂಜು, ಹಳದಿ ಟೆಂಟು. ಅಷ್ಟನ್ನೇ ನೋಡಿ ಒಂದು ನವೆಂಬರ್‌ನಲ್ಲಿ ಚಿಕ್ಕಮಗಳೂರು ಕಡೆಯ ಒಂದು ಕ್ಯಾಂಪಿಗೆ ದುಡ್ಡು ಕಟ್ಟಿದ್ದೆವು. ಹೋಗಿ ನೋಡಿದರೆ ಗುಡ್ಡ ಇತ್ತು, ಮಂಜೂ ಇತ್ತು. ಟೆಂಟುಗಳು ಮಾತ್ರ ಜೆಸಿಬಿಯಲ್ಲಿ ಮಟ್ಟ ಮಾಡಿದ ಕೆಮ್ಮಣ್ಣಿನ ಮೇಲೆ ಸಾಲಾಗಿ ನಿಂತಿದ್ದವು. ರಾತ್ರಿ ಒಂದೂವರೆವರೆಗೆ ಡಿಜೆ. ಆಮೇಲೆ ಅಕಾಲದ ಮಳೆ. ಬೆಳಿಗ್ಗೆ ಎದ್ದಾಗ ಹಾಸಿಗೆ ಕೆಳಗೆ ನೀರು. ಅವತ್ತಿನಿಂದ ನಾನು ಕ್ಯಾಂಪ್ ಹುಡುಕುವಾಗ ಹಗಲಿನ ನೋಟಕ್ಕಿಂತ ರಾತ್ರಿಯ ಲೆಕ್ಕವನ್ನೇ ಜಾಸ್ತಿ ಹಾಕುತ್ತೇನೆ. ಸೂರ್ಯಾಸ್ತ ನೋಡುವುದು ಅರ್ಧ ಗಂಟೆ, ಮಲಗುವುದು ಎಂಟು ಗಂಟೆ, ಅಲ್ವಾ?

ಮೊದಲು ತಿಂಗಳು, ಆಮೇಲೆ ಊರು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಟೆಂಟ್ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಇಂಬಳದ (ಜಿಗಣೆ) ಕಾಟ ಬೇರೆ. ಏಪ್ರಿಲ್‌ನಲ್ಲಿ ಭೀಮೇಶ್ವರಿ ಕಡೆಯ ಕಾವೇರಿ ತೀರ ಕಾದ ಹೆಂಚಿನ ಹಾಗಿರುತ್ತದೆ. ಎತ್ತರವನ್ನೂ ನೋಡಿ. ಸಾವಿರ ಮೀಟರ್ ಹತ್ತಿದರೆ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ 30 ಇದ್ದರೆ, 1,900 ಮೀಟರ್ ದಾಟುವ ಮುಳ್ಳಯ್ಯನಗಿರಿಯಲ್ಲಿ 18ರ ಆಸುಪಾಸು. ಅದೂ ಹಗಲಿನಲ್ಲಿ.

ಇನ್ನೊಂದು ವಿಷಯವನ್ನು ಕ್ಯಾಂಪಿನವರು ಸಾಮಾನ್ಯವಾಗಿ ಹೇಳುವುದಿಲ್ಲ. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗು (ಉಣ್ಣೆ) ಕಚ್ಚಿ ಬರುತ್ತದೆ, ಮಂಗಗಳೂ ಇದರಿಂದ ಸಾಯುತ್ತವೆ. ಹಾವಳಿ ಜಾಸ್ತಿ ಇರುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಸರಿಯಾಗಿ ನಾವು ಹೊರಡುವ ಕಾಲದಲ್ಲಿ! ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಹೋಗುವಾಗ ಆ ಊರಿನ ಆಸುಪಾಸು ಮಂಗ ಸತ್ತಿದೆಯಾ ಎಂದು ವಿಚಾರಿಸಿ. ಸತ್ತಿದ್ದರೆ ಬೇರೆ ಜಾಗ ನೋಡಿ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟ್ ಹಾಕಿ. ತರಗೆಲೆ ಮೇಲೆ ಸುಮ್ನೆ ಕೂರಬೇಡಿ. ವಾಪಸ್ ಬಂದ ಒಂದೆರಡು ವಾರದೊಳಗೆ ಜ್ವರ ಬಂದರೆ ಎಲ್ಲಿ ಮಲಗಿದ್ದಿರಿ ಎಂದು ಡಾಕ್ಟರಿಗೆ ಮೊದಲೇ ಹೇಳಿ.

ಜಾಗ ಯಾರದ್ದು?

ಕಾಡಿನಲ್ಲಿ ಚೆಂದ ಕಂಡಲ್ಲಿ ಟೆಂಟ್ ಬಿಚ್ಚುವಂತಿಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು. ಮೊದಲ ಸಲ ಹೋಗುವವರಿಗೆ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ಕ್ಯಾಂಪ್‌ಗಳೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕುದುರೆಮುಖದ ಕಾಡಿನೊಳಗೆ ಭದ್ರಾ ದಂಡೆಯಲ್ಲಿ ಭಗವತಿ, ಹೆಬ್ರಿ ಹತ್ತಿರ ಸೀತಾನದಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಕೆ. ಗುಡಿ (ಕ್ಯಾತದೇವರ ಗುಡಿ). ನೀರು ಇಷ್ಟವಿದ್ದವರಿಗೆ ಹೊನ್ನೆಮರಡು ಇದೆ. ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಅದು, ನಡುವೆ ಪುಟ್ಟ ನಡುಗಡ್ಡೆಗಳಿವೆ.

ಖಾಸಗಿ ಎಸ್ಟೇಟ್ ಆದರೆ ಫೋನ್ ಮಾಡಿ. ಮೆಸೇಜ್ ಸಾಲದು, ದನಿ ಕೇಳಬೇಕು. "ಕೊನೆಯ ಐದು ಕಿಲೋಮೀಟರ್ ನಮ್ಮ ಕಾರು ಬರುತ್ತಾ, ಜೀಪ್ ಬೇಕಾ?" "ಎಷ್ಟು ಜನಕ್ಕೆ ಎಷ್ಟು ಟಾಯ್ಲೆಟ್?" "ಸ್ಪೀಕರ್ ಎಷ್ಟು ಹೊತ್ತಿಗೆ ಆಫ್ ಮಾಡ್ತೀರಿ?" ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮ 2000ದಿಂದಲೂ ಇದೆ. "ಎಲ್ಲಾ ಇದೆ ಸರ್, ನೀವು ಬನ್ನಿ ಸರ್" ಎಂದಷ್ಟೇ ಹೇಳುವವರ ಬಗ್ಗೆ ನನಗೆ ಅನುಮಾನ. "ಹೋದ ವಾರ ಆನೆ ಬಂದಿತ್ತು, ಕತ್ತಲಾದ ಮೇಲೆ ಓಡಾಡಬೇಡಿ" ಎನ್ನುವವರನ್ನು ನಂಬುತ್ತೇನೆ. ಇವತ್ತಿನ ಒಂದು ವಿಡಿಯೊ ಕಳಿಸಿ ಎಂದೂ ಕೇಳಿ.

ಹೋದ ಮೇಲೆ

ಸಂಜೆ ನಾಲ್ಕರೊಳಗೆ ತಲುಪಿ. ಕತ್ತಲಲ್ಲಿ ಆರಿಸಿದ ಜಾಗ ಜೂಜಿದ್ದ ಹಾಗೆ.

ಹೊಳೆ ದಂಡೆಯ ಮರಳು ಎಲ್ಲರಿಗೂ ಆಸೆ ಹುಟ್ಟಿಸುತ್ತದೆ. ಅಲ್ಲಿ ಮಲಗಬೇಡಿ. ಮೇಲೆಲ್ಲೋ ಅಣೆಕಟ್ಟೆಯಿಂದ ನೀರು ಬಿಟ್ಟರೆ, ಇಲ್ಲಿ ಮೋಡ ಇಲ್ಲದೆಯೂ ಹೊಳೆ ಏರುತ್ತದೆ. ದಂಡೆಯ ಪೊದೆಗಳನ್ನು ಹತ್ತಿರ ಹೋಗಿ ನೋಡಿ. ಕೊಂಬೆಗೆ ಒಣಹುಲ್ಲು, ಕಡ್ಡಿ, ಹರಿದ ಪ್ಲಾಸ್ಟಿಕ್ ಸುತ್ತಿಕೊಂಡಿರುತ್ತದೆ, ಎಲ್ಲವೂ ಒಂದೇ ಮಟ್ಟದಲ್ಲಿ. ನೀರು ಅಲ್ಲಿಯವರೆಗೂ ಬಂದು ಹೋಗಿದೆ ಎಂದರ್ಥ. ಟೆಂಟ್ ಅದಕ್ಕಿಂತ ಸಾಕಷ್ಟು ಮೇಲಿರಲಿ.

ತಗ್ಗಿನಲ್ಲಿ ಥಂಡಿ ಬಂದು ಕೂರುತ್ತದೆ, ಗುಡ್ಡದ ನೆತ್ತಿಯಲ್ಲಿ ಗಾಳಿ. ಇಳಿಜಾರಿನ ಮಧ್ಯದ ಮಟ್ಟಸ ಜಾಗ ವಾಸಿ. ತಲೆ ಎತ್ತಿ ಮೇಲೂ ನೋಡಿ, ಒಣಕೊಂಬೆ ನೇತಾಡುತ್ತಿದ್ದರೆ ಪಕ್ಕಕ್ಕೆ ಸರಿಯಿರಿ. ಕೊಡಗಿನ ಕಡೆ ಮೇ ತಿಂಗಳಲ್ಲಿ ಹಲಸಿನ ಮರದ ಕೆಳಗಂತೂ ಬೇಡವೇ ಬೇಡ. ಹಣ್ಣಿನ ವಾಸನೆ ನಿಮಗಿಂತ ಮೊದಲು ಆನೆಗೆ ಗೊತ್ತಾಗಿರುತ್ತದೆ. ಟೆಂಟ್ ಬಿಚ್ಚುವ ಮೊದಲು ಬರೀ ಚಾಪೆ ಹಾಸಿ ಎರಡು ನಿಮಿಷ ಮಲಗಿ. ಬೆನ್ನಿಗೆ ಕಲ್ಲು ಒತ್ತುತ್ತದಾ, ತಲೆ ಕೆಳಗಾಗುತ್ತದಾ ಅಲ್ಲೇ ಗೊತ್ತಾಗುತ್ತದೆ.

ಕೊನೆಗೆ ಅಲ್ಲಿನ ಕಾವಲಿನವರನ್ನು ಕೇಳಿ: "ಅಣ್ಣ, ಮಳೆ ಬಂದ್ರೆ ನೀವೆಲ್ಲಿ ಮಲಗ್ತೀರಿ?" ನಮ್ಮ ಆ ಡಿಜೆ ಕ್ಯಾಂಪಿನಲ್ಲಿ ಕಾವಲಿನವರ ಶೆಡ್ ಸುತ್ತ ಮಾತ್ರ ಮೊಳದಗಲ ಚರಂಡಿ ತೋಡಿತ್ತು. ನಾವು ಅದನ್ನು ನೋಡಿದ್ದು ಬೆಳಿಗ್ಗೆ, ಹಾಸಿಗೆ ಹಿಂಡುವಾಗ.